ಎಐ ಕಸಿಯುತ್ತಿರುವ ಅಭ್ಯಾಸ, ವಿಆರ್ ಕೊಡಬಹುದಾದ ಗರಡಿ

ಪ್ರತಿ ವರ್ಷ ಜುಲೈ–ಆಗಸ್ಟ್ ಹೊತ್ತಿಗೆ ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಹಾಸನ, ದಾವಣಗೆರೆ, ಕಲಬುರಗಿ, ವಿಜಯಪುರದ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಇವರನ್ನು ಐ.ಟಿ. ಕಂಪನಿಗಳು ಫ್ರೆಷರ್‌ಗಳು ಎನ್ನುತ್ತವೆ. ದೇಶದ ಐ.ಟಿ. ವಲಯದಲ್ಲಿ ದುಡಿಯುತ್ತಿರುವ ಐವತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುತೇಕರು ಒಂದು ಕಾಲಕ್ಕೆ ಹೀಗೆ ಬ್ಯಾಗು ಹಿಡಿದು ಯಾವುದೋ ಒಂದು ನಗರಕ್ಕೆ ಬಂದವರೇ. ಕೃತಕ ಬುದ್ಧಿಮತ್ತೆ, ಅಂದರೆ ಎಐ, ಮನೆಮಾತಾದ ಮೇಲೆ ಇವರ ಬಗ್ಗೆ ಎಲ್ಲರೂ ಕೇಳುತ್ತಿರುವುದು, ಇನ್ನು ಇವರಿಗೆ ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು. ಆ ಪ್ರಶ್ನೆ ಮುಖ್ಯವಾದದ್ದೇ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ನಿಂತಿದೆ, ಅದರ ಬಗ್ಗೆ ಈ ಊರಿನಲ್ಲಿ ಸಾಕಷ್ಟು ಚರ್ಚೆ ನಡೆಯುತ್ತಿಲ್ಲ ಎಂಬುದು ನನ್ನ ಕೊರಗು. ಇವರು ಇನ್ನು ಮುಂದೆ ಕೆಲಸವನ್ನು ಕಲಿಯುವುದು ಎಲ್ಲಿ, ಯಾರ ಪಕ್ಕದಲ್ಲಿ ಕುಳಿತು?

ಎಐ ಮತ್ತು ವರ್ಚುವಲ್ ರಿಯಾಲಿಟಿ (ವಿಆರ್, ಅಂದರೆ ಹೆಡ್‌ಸೆಟ್ ಕಟ್ಟಿಕೊಂಡು ಅನುಭವಿಸುವ ಕೃತಕ ಲೋಕ), ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವ ರೂಢಿ ನಮ್ಮಲ್ಲಿದೆ. ಎರಡೂ ಹೊಸವು, ಎರಡೂ ಮನುಷ್ಯನ ಬದುಕನ್ನು ಬದಲಿಸುತ್ತವೆ, ಎರಡರ ಹಿಂದೆಯೂ ಅದೇ ಕೆಲವು ದೊಡ್ಡ ಕಂಪನಿಗಳಿವೆ ಎಂಬ ಕಾರಣಕ್ಕೆ ಅವು ಜೋಡಿಪದಗಳಾಗಿವೆ. ಕಲಿಕೆಯ ಕಡೆಯಿಂದ ನೋಡಿದರೆ ಮಾತ್ರ ಅವು ಎಳೆಯುವುದು ಎರಡು ಬೇರೆ ದಿಕ್ಕುಗಳಿಗೆ. ಎಐ ನಮ್ಮ ಪರವಾಗಿ ಕೆಲಸ ಮಾಡಿಕೊಡುತ್ತದೆ, ಹಾಗೆ ಮಾಡಿಕೊಡುವಾಗ ಆ ಕೆಲಸದಿಂದ ನಮ್ಮ ಕೈಗೂ ತಲೆಗೂ ಸಿಗಬೇಕಾದ ಅಭ್ಯಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ವಿಆರ್ ನಮ್ಮ ಪರವಾಗಿ ಏನನ್ನೂ ಮಾಡುವುದಿಲ್ಲ. ತಪ್ಪು ಮಾಡಿದರೂ ಯಾರಿಗೂ ನೋವಾಗದ ಒಂದು ಜಾಗವನ್ನು ಕಟ್ಟಿಕೊಟ್ಟು, ಅಲ್ಲಿ ನಾವೇ ಮತ್ತೆ ಮತ್ತೆ ಮಾಡಿ ನೋಡಲಿ ಎಂದು ಬಿಡುತ್ತದೆ. ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಈ ಎರಡು ತಂತ್ರಜ್ಞಾನಗಳಿಂದ ನಮಗೆ ಏನು ಬೇಕು, ಏನು ಬೇಡ ಎಂದು ಕೇಳುವುದು ಸುಲಭವಾಗುತ್ತದೆ ಎಂದು ನಾನು ನಂಬಿದ್ದೇನೆ.

ಫ್ರೆಷರ್ ಒಬ್ಬಳ ಮೊದಲ ಕೆಲವು ತಿಂಗಳನ್ನು ಹತ್ತಿರದಿಂದ ನೋಡೋಣ. ತರಬೇತಿ ಮುಗಿಸಿ ಪ್ರಾಜೆಕ್ಟ್ ಸೇರಿದವಳಿಗೆ ಮೊದಲು ಕೊಡುವುದು ಸಣ್ಣಪುಟ್ಟ ಟಿಕೆಟ್‌ಗಳು, ಅಂದರೆ ಸರಿಪಡಿಸಬೇಕಾದ ದೂರುಗಳು. ಯಾವುದೋ ಬ್ಯಾಂಕಿನ ತಂತ್ರಾಂಶದಲ್ಲಿ ತಿಂಗಳ ಕೊನೆಯ ದಿನದ ವರದಿ ಮಾತ್ರ ತಪ್ಪಾಗಿ ಬರುತ್ತಿದೆ ಎಂಬ ದೂರು ಅವಳ ಪಾಲಿಗೆ ಬಂದಿದೆ ಎನ್ನೋಣ. ಅವಳು ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಸಾವಿರಾರು ಸಾಲುಗಳ ಲಾಗ್ ಫೈಲ್ ತೆರೆದು, ದೋಷ ಕಾಣಿಸಿಕೊಂಡ ಸಾಲನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗುತ್ತಾಳೆ. ಮೊದಲ ಊಹೆ ತಪ್ಪಾಗುತ್ತದೆ, ಎರಡನೆಯದೂ ತಪ್ಪಾಗುತ್ತದೆ. ಸಂಜೆ ಹೊತ್ತಿಗೆ ಪಕ್ಕದ ಡೆಸ್ಕಿನ ಹಿರಿಯರ ಹತ್ತಿರ ಹೋದಾಗ ಅವರು, ‘ದಿನಾಂಕ ಯಾವ ಟೈಮ್ ಝೋನ್‌ನಲ್ಲಿ ಸೇವ್ ಆಗ್ತಿದೆ ಅಂತ ನೋಡಿದ್ಯಾ?’ ಎಂದು ಕೇಳುತ್ತಾರೆ. ಸರ್ವರ್ ಇರುವುದು ಅಮೆರಿಕದಲ್ಲಿ, ಇಲ್ಲಿ ಒಂದನೇ ತಾರೀಕು ಬೆಳಗಾಗಿದ್ದರೂ ಅಲ್ಲಿ ಇನ್ನೂ ಮೂವತ್ತೊಂದರ ರಾತ್ರಿ. ತಿದ್ದಬೇಕಾಗಿದ್ದದ್ದು ಒಂದೇ ಸಾಲು, ಅದಕ್ಕೆ ಇಡೀ ದಿನ ಹೋಯಿತು. ಆದರೆ ಆ ದಿನದೊಳಗೆ ಅವಳು ಆ ತಂತ್ರಾಂಶದ ಎಷ್ಟೋ ಮೂಲೆಗಳನ್ನು ಓದಿದ್ದಾಳೆ, ಯಾವ ಭಾಗ ಯಾವುದನ್ನು ನೆಚ್ಚಿಕೊಂಡಿದೆ ಎಂಬ ಅಂದಾಜು ಅವಳಿಗೆ ಸಿಕ್ಕಿದೆ, ಇನ್ನು ಜನ್ಮದಲ್ಲಿ ದಿನಾಂಕದ ವಿಷಯದಲ್ಲಿ ಅವಳು ಮೈಮರೆಯುವುದಿಲ್ಲ.

ಇಂದು ಅದೇ ಲಾಗ್ ಫೈಲನ್ನು ಎಐ ಸಹಾಯಕಕ್ಕೆ ಕೊಟ್ಟರೆ ಅದು ಕೆಲವೇ ನಿಮಿಷಗಳಲ್ಲಿ ಟೈಮ್ ಝೋನ್ ಕಡೆ ಬೆರಳು ತೋರಿಸಿ, ತಿದ್ದಿದ ಸಾಲನ್ನೂ ಬರೆದುಕೊಡಬಲ್ಲದು. ಕಂಪನಿಯ ಲೆಕ್ಕದಲ್ಲಿ ಇದು ಶುದ್ಧ ಲಾಭ. ನಮ್ಮ ಐ.ಟಿ. ಸೇವಾ ಕಂಪನಿಗಳು ದಶಕಗಳಿಂದ ನಿಂತಿರುವುದು ಪಿರಮಿಡ್ ಆಕಾರದ ವ್ಯವಸ್ಥೆಯ ಮೇಲೆ: ಮೇಲೆ ಕೆಲವೇ ನುರಿತವರು, ಕೆಳಗೆ ಕಡಿಮೆ ಸಂಬಳದ ದೊಡ್ಡ ಸಂಖ್ಯೆಯ ಹೊಸಬರು, ದುಡಿದ ಗಂಟೆಗಳ ಲೆಕ್ಕದಲ್ಲಿ ಗ್ರಾಹಕರಿಂದ ಹಣ. ಆ ವ್ಯವಸ್ಥೆಯಲ್ಲಿ ಹೊಸಬಳ ನಿಧಾನಕ್ಕೆ ಹಣ ಕೊಡುವವನು ಒಬ್ಬನಿದ್ದ. ಅವಳ ಕಲಿಕೆಯ ಖರ್ಚು ಯಾರ ಪುಸ್ತಕದಲ್ಲೂ ಕಲಿಕೆ ಎಂದು ನಮೂದಾಗದೆ, ಬಿಲ್ಲಿನೊಳಗೇ ಅಡಗಿ ಸಂದಾಯವಾಗುತ್ತಿತ್ತು. ಗ್ರಾಹಕ ಈಗ ಅದೇ ಟಿಕೆಟ್‌ಗೆ ಹತ್ತು ನಿಮಿಷದ ಹಣ ಮಾತ್ರ ಕೊಡುತ್ತೇನೆ ಎಂದರೆ ಅಡಗಿದ್ದ ಆ ಖರ್ಚು ಬಯಲಿಗೆ ಬರುತ್ತದೆ, ಅದನ್ನು ಹೊರುವವರು ಯಾರೂ ಇರುವುದಿಲ್ಲ.

ಇದು ಬರೀ ಭಯವೇ ಎಂದು ಕೇಳುವವರಿಗೆ ಒಂದಿಷ್ಟು ಅಂಕಿ ಅಂಶ ಈಗ ಸಿಗತೊಡಗಿದೆ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಅಮೆರಿಕದ ಸಂಬಳ ಪಾವತಿಯ ದಾಖಲೆಗಳನ್ನು ಪರಿಶೀಲಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎಐ ಹೆಚ್ಚು ಪ್ರಭಾವ ಬೀರುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಇತರರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ. ಅದೇ ಕೆಲಸಗಳಲ್ಲಿರುವ ಅನುಭವಿಗಳಿಗೆ ಅಂಥ ಪೆಟ್ಟು ಬಿದ್ದಿಲ್ಲ. ಭಾರತದ ಚಿತ್ರ ಇಷ್ಟು ಸರಳವಾಗಿಲ್ಲ ಎಂಬುದನ್ನೂ ಹೇಳಬೇಕು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರದಷ್ಟು ಜನರನ್ನು ಕಡಿತ ಮಾಡುವುದಾಗಿ ಹೇಳಿದಾಗ, ಅದರ ಬಿಸಿ ಮುಖ್ಯವಾಗಿ ತಟ್ಟಿದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಎಐ ಇದಕ್ಕೆ ಕಾರಣ ಎಂದು ಕಂಪನಿ ಹೇಳಲಿಲ್ಲ, ಕೌಶಲಗಳು ಹೊಂದಿಕೆಯಾಗದ್ದು ಕಾರಣ ಎಂದಿತು. ಹಾಗಾಗಿ ಒಂದು ಸಂಖ್ಯೆಯನ್ನು ಹಿಡಿದು ಭವಿಷ್ಯ ಹೇಳುವುದು ಅವಸರವಾದೀತು. ಆದರೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ತಿಳಿಯದಷ್ಟು ಮಬ್ಬಾಗಿಯೇನೂ ಇಲ್ಲ.

ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಈ ವಿಶ್ಲೇಷಣೆ ಪ್ರಾಮಾಣಿಕವಾಗುವುದಿಲ್ಲ. ಹೊಸಬರಿಗೆ ಎಐನಿಂದ ಅತಿ ಹೆಚ್ಚು ನೆರವಾದ ನಿದರ್ಶನವೂ ಇದೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೊಲ್ಫ್‌ಸನ್ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಕಸ್ಟಮರ್ ಸಪೋರ್ಟ್ ಸಿಬ್ಬಂದಿಯ ಕೆಲಸವನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಹೊರತಂದರು. ಗ್ರಾಹಕರೊಂದಿಗೆ ಚಾಟ್ ಮಾಡುವಾಗ ಎಐ ಪಕ್ಕದಲ್ಲೇ ಸಲಹೆ ಕೊಡುತ್ತಿದ್ದರೆ, ಗಂಟೆಗೆ ಬಗೆಹರಿಯುವ ದೂರುಗಳ ಸಂಖ್ಯೆ ಸರಾಸರಿ ಶೇ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಆ ಹೆಚ್ಚಳ ಶೇ 34ರಷ್ಟು, ನುರಿತವರಲ್ಲಿ ಹೆಚ್ಚೇನೂ ಇಲ್ಲ. ಕಾರಣ ಕುತೂಹಲಕರವಾಗಿದೆ: ಆ ಎಐ ಕಲಿತದ್ದು ಅದೇ ಸಂಸ್ಥೆಯ ಅತ್ಯುತ್ತಮ ಸಿಬ್ಬಂದಿಯ ಮಾತುಕತೆಗಳಿಂದ. ಅಂದರೆ ಹಿರಿಯರ ಜಾಣ್ಮೆ ಯಂತ್ರದ ಮೂಲಕ ಕಿರಿಯರಿಗೆ ಹರಿಯಿತು. ಇದು ಒಳ್ಳೆಯದೇ. ಆದರೆ ಹರಿಯುವುದಕ್ಕೆ ಮೊದಲು ಅದು ಹಿರಿಯರಲ್ಲಿ ಹುಟ್ಟಿರಬೇಕಲ್ಲ? ಇಂದಿನ ಕಿರಿಯರು ಸಲಹೆಯನ್ನು ಓದಿ ಒಪ್ಪುವುದರಲ್ಲೇ ಇದ್ದುಬಿಟ್ಟರೆ, ಹತ್ತು ವರ್ಷದ ನಂತರ ಹೊಸ ಬಗೆಯ ಸಮಸ್ಯೆ ಬಂದಾಗ ಯಂತ್ರ ಯಾರಿಂದ ಕಲಿಯಬೇಕು?

ನುರಿತವರ ವಿಷಯದಲ್ಲಿ ಮತ್ತೊಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಎಐ ಸಾಮರ್ಥ್ಯವನ್ನು ಅಳೆಯುವ ಮೆಟರ್ ಎಂಬ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳಿಗೆ ಅವರಿಗೆ ಚೆನ್ನಾಗಿ ಗೊತ್ತಿದ್ದ ತಂತ್ರಾಂಶಗಳಲ್ಲೇ ಕೆಲಸ ಕೊಟ್ಟು, ಎಐ ಇದ್ದಾಗ ಮತ್ತು ಇಲ್ಲದಾಗ ತಗಲುವ ಸಮಯವನ್ನು ಅಳೆಯಿತು. ಎಐ ಬಳಸಿದಾಗ ಅವರು ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಕೆಲಸ ಮುಗಿದ ಮೇಲೂ ಅವರು, ತಮ್ಮ ಕೆಲಸ ಶೇ 20ರಷ್ಟು ಬೇಗ ಆಯಿತು ಎಂದೇ ನಂಬಿದ್ದರು. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಎಐ ಸಾಧನಗಳೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿವೆ. ಹಾಗಿದ್ದರೂ ಅನುಭವಿಗಳಿಗೇ ತಮ್ಮ ವೇಗದ ಬಗ್ಗೆ ಇಷ್ಟು ತಪ್ಪು ಅಂದಾಜು ಆಗುವುದಾದರೆ, ತಾನು ಕಲಿಯುತ್ತಿದ್ದೇನೆ ಎಂದು ಫ್ರೆಷರ್ ಒಬ್ಬಳಿಗೆ ಅನಿಸುವುದನ್ನು ನಾವು ಎಷ್ಟರಮಟ್ಟಿಗೆ ನೆಚ್ಚಬಹುದು?

ಕಲಿಕೆಯನ್ನೇ ನೇರವಾಗಿ ಅಳೆದ ಪ್ರಯೋಗ ನಡೆದದ್ದು ಟರ್ಕಿಯಲ್ಲಿ. ಅಲ್ಲಿನ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಗಣಿತದ ಅಭ್ಯಾಸದ ಹೊತ್ತಿನಲ್ಲಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಐ ಇಲ್ಲ, ಇನ್ನೊಂದಕ್ಕೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ, ಮೂರನೆಯದಕ್ಕೆ ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರು ಹದಗೊಳಿಸಿದ ಎಐ. ಅಭ್ಯಾಸದಲ್ಲಿ ಎರಡನೇ ಗುಂಪಿನ ಅಂಕ ಶೇ 48ರಷ್ಟು ಮೇಲೇರಿತು. ಆನಂತರ ಎಐ ಹಿಂದಕ್ಕೆ ಪಡೆದು ಪರೀಕ್ಷೆ ಕೊಟ್ಟಾಗ ಅದೇ ಮಕ್ಕಳು, ಎಐ ಕಾಣದೇ ಇದ್ದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಸುಳಿವು ಕೊಡುವ ಎಐ ಬಳಸಿದ ಗುಂಪಿಗೆ ಈ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಫಲಿತಾಂಶ ಇದು. ಮೂರೂ ಗುಂಪಿನ ಮಕ್ಕಳು ಒಂದೇ ಬಗೆಯವರು, ಎರಡೂ ಎಐಗಳ ಒಳಗಿನ ಯಂತ್ರವೂ ಒಂದೇ. ಅದನ್ನು ಹೇಗೆ ಕಟ್ಟಲಾಯಿತು ಎಂಬುದೊಂದೇ ಬೇರೆ.

ಕಲಿತು ಮುಗಿದವರ ಕೈಯೂ ಮರೆಯುತ್ತದೆ. ಪೋಲೆಂಡಿನ ನಾಲ್ಕು ಆಸ್ಪತ್ರೆಗಳಲ್ಲಿ ದೊಡ್ಡ ಕರುಳಿನ ಒಳಗನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆಗೆ ಎಐ ಅಳವಡಿಸಲಾಯಿತು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಅದು ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತದೆ. ಅದಕ್ಕೆ ಒಗ್ಗಿಕೊಂಡ ವೈದ್ಯರು ಎಐ ಇಲ್ಲದೆ ಮಾಡಿದ ಪರೀಕ್ಷೆಗಳನ್ನು ನೋಡಿದಾಗ, ಗಂಟು ಪತ್ತೆಯಾದ ಪರೀಕ್ಷೆಗಳ ಪ್ರಮಾಣ ಶೇ 28.4ರಿಂದ ಶೇ 22.4ಕ್ಕೆ ಇಳಿದಿತ್ತು. 2025ರಲ್ಲಿ ಪ್ರಕಟವಾದ ಈ ಅಧ್ಯಯನ ಕಾರಣವನ್ನು ಸಾಬೀತು ಮಾಡುವಂಥದ್ದಲ್ಲ, ಬದಲಾವಣೆಯನ್ನು ಗಮನಿಸಿ ದಾಖಲಿಸಿದ್ದು ಮಾತ್ರ. ಆದರೆ ಹಾಡ್ತಾ ಹಾಡ್ತಾ ರಾಗ ಎಂಬುದನ್ನು ಬಲ್ಲವರಿಗೆ, ಹಾಡುವುದನ್ನು ನಿಲ್ಲಿಸಿದರೆ ರಾಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಮಟ್ಟಿಗೆ ಎಐ ಹಲವು ಬಾಗಿಲುಗಳನ್ನು ತೆರೆದಿದೆ. ಮೀಟಿಂಗಿನಲ್ಲಿ ಇಂಗ್ಲಿಷ್ ತಡವರಿಸುತ್ತದೆ ಎಂದು ಬಾಯಿ ಬಿಡದ ಹುಡುಗ, ಹಿರಿಯರನ್ನು ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾರು ಎಂದು ಹಿಂಜರಿಯುವ ಹುಡುಗಿ, ಇಬ್ಬರೂ ಈಗ ಯಾರ ಮುಖವನ್ನೂ ನೋಡದೆ ನೂರು ಸಲ ಕೇಳಬಹುದು, ಕನ್ನಡದಲ್ಲೇ ಕೇಳಬಹುದು. ತರಗತಿಯಲ್ಲಿ ಎರಡನೇ ಸಲ ಪ್ರಶ್ನೆ ಕೇಳಲು ಹೆದರಿದ ಯಾರಿಗಾದರೂ ಇದರ ಬೆಲೆ ಗೊತ್ತಿದೆ. ಈ ಅನುಕೂಲವನ್ನು ಕಿತ್ತುಕೊಳ್ಳಬೇಕು ಎನ್ನುವ ಯಾವ ವಾದವನ್ನೂ ನಾನು ಒಪ್ಪಲಾರೆ. ಕನ್ನಡದಲ್ಲಿ ಸಿಗುವ ಉತ್ತರ ಇನ್ನೂ ಇಂಗ್ಲಿಷಿನಷ್ಟು ಗಟ್ಟಿಯಾಗಿಲ್ಲ ಎಂಬುದು ಬೇರೆ ತೊಡಕು. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿಯಾದ ಭಾಷೆ ಇಂಟರ್ನೆಟ್ಟಿನಲ್ಲಿ ಬಹಳ ತೆಳುವಾಗಿ ಹರಡಿಕೊಂಡಿದೆ, ಯಂತ್ರ ಕಲಿಯುವುದು ಅಲ್ಲಿರುವ ಬರಹದಿಂದಲೇ. ಕಂಪ್ಯೂಟರಿನ ಸಂಗ್ರಹದ ಅಳತೆಯಾದ ಬೈಟ್‌ನ ಲೆಕ್ಕದಲ್ಲಿ, ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್‌ನಲ್ಲಿ ಕುಳಿತರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಚಾಟ್‌ಜಿಪಿಟಿಯಂಥ ಎಐಗಳ ಒಳಗಿನ ಭಾಷಾ ಮಾದರಿಗಳು ನಮ್ಮ ಪದಗಳನ್ನು ಹೆಚ್ಚು ಚೂರುಗಳಾಗಿ ಒಡೆಯುವುದರಿಂದ ಅದೇ ಮಾತನ್ನು ಕನ್ನಡದಲ್ಲಿ ಸಂಸ್ಕರಿಸಲು ಹೆಚ್ಚು ಗಣನೆ, ಹೆಚ್ಚು ಖರ್ಚು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸುತ್ತಿದೆ, ಕೇಂದ್ರದ ‘ಭಾಷಿಣಿ’ 2022ರಿಂದ ಅನುವಾದದ ಕೆಲಸದಲ್ಲಿದೆ. ಈ ಪ್ರಯತ್ನಗಳು ಕೈಗೂಡಿದರೆ ಕನ್ನಡದಲ್ಲಿ ಸುಳಿವು ಕೊಟ್ಟು ಕಲಿಸುವ ಶಿಕ್ಷಕ ಯಂತ್ರ ಕಟ್ಟುವುದು ಅಸಾಧ್ಯವೇನಲ್ಲ. ಕಟ್ಟುವಾಗ ಟರ್ಕಿಯ ಮೂರನೇ ಗುಂಪನ್ನು ನೆನಪಿಟ್ಟುಕೊಳ್ಳುವವರು ಬೇಕು.

ಈಗ ವಿಆರ್ ಕಡೆಗೆ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಇಲ್ಲದ ಜಾಗದಲ್ಲಿ ಇದ್ದಂತೆ ಅನುಭವಿಸುವ ಈ ತಂತ್ರಜ್ಞಾನಕ್ಕೆ ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ವಯಸ್ಸಾಗಿದೆ. ಕಂಪ್ಯೂಟರ್ ವಿಜ್ಞಾನಿ ಇವಾನ್ ಸದರ್‌ಲ್ಯಾಂಡ್ 1968ರಲ್ಲೇ ತಲೆಗೆ ಕಟ್ಟುವ ಪರದೆಯನ್ನು ತೋರಿಸಿದ್ದರು, ಅದು ಎಷ್ಟು ಭಾರವಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಇನ್ನೂ ಹಿಂದೆ ಹೋದರೆ ಎಡ್ವಿನ್ ಲಿಂಕ್ ಸಿಗುತ್ತಾರೆ. ಪಿಯಾನೊ, ಆರ್ಗನ್ ತಯಾರಿಸುವ ಮನೆತನದ ಈ ಅಮೆರಿಕನ್, ಆರ್ಗನ್‌ನ ತಿದಿಗಳನ್ನೇ ಬಳಸಿ, ನೆಲದ ಮೇಲೆ ನಿಂತೇ ವಿಮಾನದಂತೆ ಓಲಾಡುವ ಯಂತ್ರವನ್ನು 1929ರಲ್ಲಿ ಕಟ್ಟಿದರು. ಮೊದಲು ಅದನ್ನು ಜಾತ್ರೆಯ ಆಟಿಕೆಯಂತೆ ಕಂಡವರೇ ಹೆಚ್ಚು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಹೊಣೆ ಹೊತ್ತು, ಮೋಡ ಮಂಜಿನಲ್ಲಿ ಹಾರಲು ಪಳಗದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ, ಸೇನೆ ಅಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಪೈಲಟ್‌ಗಳ ತರಬೇತಿಯಲ್ಲಿ ಅದು ಸಾಮಾನ್ಯವಾಗಿತ್ತು. ಕೃತಕ ಅನುಭವದ ಮೊದಲ ದೊಡ್ಡ ಉಪಯೋಗ ಮನರಂಜನೆಗಲ್ಲ, ಸಾಯದೆ ಕಲಿಯುವುದಕ್ಕೆ ಒದಗಿತ್ತು.

ಇತ್ತೀಚಿನ ವರ್ಷಗಳ ಹಣ ಮಾತ್ರ ಬೇರೆ ಕಡೆ ಹರಿಯಿತು. 2014ರಲ್ಲಿ ವಿಆರ್ ಹೆಡ್‌ಸೆಟ್ ತಯಾರಿಸುವ ಆಕ್ಯುಲಸ್ ಕಂಪನಿಯನ್ನು ಕೊಂಡ ಫೇಸ್‌ಬುಕ್ 2021ರಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಮನುಷ್ಯರು ಹೆಡ್‌ಸೆಟ್ ಹಾಕಿಕೊಂಡು ಅಲ್ಲೇ ಮೀಟಿಂಗ್ ಮಾಡುತ್ತಾರೆ, ಅಲ್ಲೇ ಸಂತೆ ಮಾಡುತ್ತಾರೆ ಎಂಬುದು ಕನಸು. ಆ ಕನಸನ್ನು ಕಟ್ಟುತ್ತಿದ್ದ ಮೆಟಾದ ವಿಭಾಗ 2024ರ ಒಂದೇ ವರ್ಷದಲ್ಲಿ ಕಂಡ ನಷ್ಟ ಸುಮಾರು 1,770 ಕೋಟಿ ಡಾಲರ್. ಆ್ಯಪಲ್ 2024ರಲ್ಲಿ ಮಾರಾಟಕ್ಕಿಟ್ಟ ವಿಷನ್ ಪ್ರೊ ಹೆಡ್‌ಸೆಟ್‌ನ ಬೆಲೆ 3,499 ಡಾಲರ್, ತೂಕ ಅರ್ಧ ಕಿಲೋಗೂ ಮಿಗಿಲು. ಜನ ದಿನವಿಡೀ ಅದನ್ನು ಮುಖಕ್ಕೆ ಕಟ್ಟಿಕೊಳ್ಳಲು ಮುಂದೆ ಬರಲಿಲ್ಲ. ದೇಹವೇ ಬೇಡವೆನ್ನುತ್ತದೆ ಎಂಬುದು ಒಂದು ಕಾರಣ. ಕಣ್ಣು ನಾವು ಚಲಿಸುತ್ತಿದ್ದೇವೆ ಎನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ನಿಂತಲ್ಲೇ ಇದ್ದೇವೆ ಎನ್ನುತ್ತದೆ, ಈ ಜಗಳದಲ್ಲಿ ತಲೆ ಸುತ್ತಿ ವಾಕರಿಕೆ ಬರುತ್ತದೆ. ತಲೆ ತಿರುಗಿಸಿದ್ದಕ್ಕೂ ದೃಶ್ಯ ತಿರುಗುವುದಕ್ಕೂ ನಡುವಿನ ಅಂತರ 20 ಮಿಲಿಸೆಕೆಂಡ್‌ನೊಳಗೆ ಇರಬೇಕು ಎಂಬುದು ತಂತ್ರಜ್ಞರ ಗುರಿ. ಅದನ್ನು ಸಾಧಿಸಿದರೂ, ದೂರದ ಬೆಟ್ಟಕ್ಕೂ ಕೈಯಳತೆಯ ಲೋಟಕ್ಕೂ ಕಣ್ಣಿನ ಮಸೂರ ಒಂದೇ ದೂರದಲ್ಲಿ ನೆಟ್ಟಿರಬೇಕಾದ ಆಯಾಸ ಹಾಗೇ ಉಳಿಯುತ್ತದೆ.

ಇದನ್ನು ವಿಆರ್‌ನ ಸೋಲು ಎಂದು ಬರೆದವರಿದ್ದಾರೆ. ನನಗೆ ಕಾಣುವುದು, ಅದನ್ನು ವಾಸದ ಮನೆ ಮಾಡಹೊರಟದ್ದರ ಸೋಲು. ಗರಡಿಮನೆಯಲ್ಲಿ ಯಾರೂ ಸಂಸಾರ ಹೂಡುವುದಿಲ್ಲ. ಹೊತ್ತು ಗೊತ್ತು ಮಾಡಿಕೊಂಡು ಹೋಗುತ್ತಾರೆ, ಮಣ್ಣಿನ ಮೇಲೆ ಬಿದ್ದು ಎದ್ದು ಕಲಿಯುತ್ತಾರೆ, ಬೆವರು ಒರೆಸಿಕೊಂಡು ಹೊರಗೆ ಬರುತ್ತಾರೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ ತಡೆದುಕೊಳ್ಳಬಲ್ಲ ದೇಹಕ್ಕೆ ವಿಆರ್ ಒಪ್ಪುವುದು ಅಂಥ ಜಾಗವಾಗಿಯೇ. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. 16 ಮಂದಿ ಕಿರಿಯ ಶಸ್ತ್ರವೈದ್ಯರಲ್ಲಿ ಅರ್ಧ ಮಂದಿಗೆ ವಿಆರ್ ಯಂತ್ರದಲ್ಲಿ ಅಭ್ಯಾಸ ಮಾಡಿಸಿ, ಎಲ್ಲರೂ ಆನಂತರ ನಿಜವಾದ ರೋಗಿಗಳಿಗೆ ಪಿತ್ತಕೋಶದ ಕೀಹೋಲ್ ಶಸ್ತ್ರಚಿಕಿತ್ಸೆ ಮಾಡಿದರು. ವಿಆರ್‌ನಲ್ಲಿ ಪಳಗಿದವರು ಪಿತ್ತಕೋಶ ಬಿಡಿಸುವ ಹಂತವನ್ನು ಶೇ 29ರಷ್ಟು ಬೇಗ ಮುಗಿಸಿದರು. ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಅಕ್ಕಪಕ್ಕದ ಭಾಗವನ್ನು ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು. ಅಂದಿನ ಯಂತ್ರದ ಚಿತ್ರ ಇಂದಿನ ಮೊಬೈಲ್ ಗೇಮಿಗಿಂತ ಒರಟಾಗಿತ್ತು ಎಂಬುದನ್ನು ಗಮನಿಸಬೇಕು. ಕೈಗೆ ಬೇಕಾದದ್ದು ಸುಂದರ ದೃಶ್ಯಕ್ಕಿಂತ ಹೆಚ್ಚಾಗಿ ಸರಿಯಾದ ಪುನರಾವರ್ತನೆ.

ಬೆಂಗಳೂರಿಗೆ ಈ ಗರಡಿ ಹೊಸದೇನೂ ಅಲ್ಲ. ಎಚ್‌ಎಎಲ್ ಮತ್ತು ಕೆನಡಾದ ಸಿಮ್ಯುಲೇಟರ್ ಕಂಪನಿ ಸಿಎಇ ಸೇರಿ ಇಲ್ಲೇ ಕಟ್ಟಿದ ‘ಹ್ಯಾಟ್ಸಾಫ್’ ಕೇಂದ್ರದಲ್ಲಿ 2010ರಿಂದ ಹೆಲಿಕಾಪ್ಟರ್ ಪೈಲಟ್‌ಗಳು ಹಾರಾಟವನ್ನು ಅನುಕರಿಸುವ ಯಂತ್ರವಾದ ಸಿಮ್ಯುಲೇಟರ್ ಒಳಗೆ ಕುಳಿತು, ಎಂಜಿನ್ ಕೆಟ್ಟರೆ ಏನು ಮಾಡಬೇಕು ಎಂಬುದನ್ನು ನೆಲ ಬಿಡದೆ ಕಲಿಯುತ್ತಿದ್ದಾರೆ. ನಾವು ಎಐ ಬಗ್ಗೆ ಈಗ ಕೇಳುತ್ತಿರುವ ಪ್ರಶ್ನೆಯನ್ನು ವಿಮಾನಯಾನ ಲೋಕ ಬಹಳ ಹಿಂದೆಯೇ ಕೇಳಿಕೊಂಡಿತ್ತು. ಆಟೊಪೈಲಟ್ ಹೆಚ್ಚಿದಂತೆ ಪೈಲಟ್‌ಗಳ ಕೈ ಹಾರಿಸುವುದನ್ನು ಮರೆಯುತ್ತಿದೆ ಎಂದು ಅಮೆರಿಕದ ವಿಮಾನಯಾನ ಆಡಳಿತ 2013ರಲ್ಲಿ ಎಚ್ಚರಿಸಿ, ಸಾಧ್ಯವಿದ್ದಾಗಲೆಲ್ಲ ಕೈಯಿಂದ ಹಾರಿಸಲು ಉತ್ತೇಜಿಸಿ ಎಂದು ಕಂಪನಿಗಳಿಗೆ ಸೂಚಿಸಿತು. ಆಟೊಪೈಲಟ್ ಅನ್ನು ಅವರು ಕಿತ್ತುಹಾಕಲಿಲ್ಲ. ಅದು ಕಸಿದ ಅಭ್ಯಾಸವನ್ನು ಇನ್ನೊಂದು ಕಡೆ, ನಿಗದಿತ ಅವಧಿಗೊಮ್ಮೆ, ಕಡ್ಡಾಯವಾಗಿ ವಾಪಸ್ ಕೊಡುವ ವ್ಯವಸ್ಥೆಯನ್ನು ಆ ವೃತ್ತಿ ಉಳಿಸಿಕೊಂಡಿತು. ಸಿಮ್ಯುಲೇಟರ್ ಪರೀಕ್ಷೆ ಪಾಸಾಗದ ಏರ್‌ಲೈನ್ ಪೈಲಟ್ ವಿಮಾನ ಹಾರಿಸುವಂತಿಲ್ಲ.

ಪ್ರೋಗ್ರಾಮಿಂಗ್ ಕಲಿಯಲು ಹೆಡ್‌ಸೆಟ್ ಬೇಕಿಲ್ಲ, ಅಲ್ಲಿ ಗರಡಿಯ ಕಲ್ಪನೆ ಮಾತ್ರ ಸಾಕು. ಬೇಕೆಂದೇ ಕೆಡಿಸಿಟ್ಟ ತಂತ್ರಾಂಶವನ್ನು ಕೊಟ್ಟು, ಎಐ ಬಂದ್ ಮಾಡಿ, ಹೊಸಬರನ್ನು ವಾರಕ್ಕೊಮ್ಮೆ ಅರ್ಧ ದಿನ ಕೂರಿಸುವ ಕಂಪನಿ ತನ್ನ ಮುಂದಿನ ಹಿರಿಯರನ್ನು ತಯಾರು ಮಾಡಿಕೊಳ್ಳುತ್ತಿರುತ್ತದೆ. ವಿಟಿಯು ವ್ಯಾಪ್ತಿಯ ಇನ್ನೂರಕ್ಕೂ ಹೆಚ್ಚು ಕಾಲೇಜುಗಳ ಕೊನೆಯ ವರ್ಷದಲ್ಲೂ ಇದಕ್ಕೆ ಜಾಗವಿದೆ. ಮಾರುಕಟ್ಟೆಯಿಂದ ಕೊಂಡು ತಂದ ಪ್ರಾಜೆಕ್ಟ್ ವರದಿಗಿಂತ ಅದು ಸಾವಿರ ಪಾಲು ಲೇಸು. ಹೆಡ್‌ಸೆಟ್ ನಿಜವಾಗಿ ಬೇಕಾಗುವುದು ದೇಹ ಬಳಸುವ ಕೆಲಸಗಳಿಗೆ: ನರ್ಸಿಂಗ್, ವೆಲ್ಡಿಂಗ್, ಹೈ ಟೆನ್ಷನ್ ಲೈನ್ ದುರಸ್ತಿ, ಬೆಂಕಿ ಆರಿಸುವುದು. ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಬೇಕೆಂಬ ನಿಯಮ ಈಗಾಗಲೇ ಇದೆ. ಐಟಿಐಗಳಲ್ಲಿ ವೆಲ್ಡಿಂಗ್ ರಾಡ್ ಸುಡುವ ಖರ್ಚಿಗೆ ಹೆದರಿ ಅಭ್ಯಾಸ ಕಡಿಮೆ ಮಾಡಿಸುವ ಕಡೆ ವಿಆರ್ ವೆಲ್ಡಿಂಗ್ ಯಂತ್ರ ಮೊದಲ ನೂರು ತಪ್ಪುಗಳನ್ನು ಬಿಟ್ಟಿಯಾಗಿ ಮಾಡಿಸಿಬಿಡುತ್ತದೆ.

ಮಿತಿಗಳೂ ಕಡಿಮೆಯಿಲ್ಲ. ನರ್ಸಿಂಗ್ ವಿದ್ಯಾರ್ಥಿನಿ ರೋಗಿಯ ಮೊಣಕೈ ಮಡಿಕೆಯಲ್ಲಿ ರಕ್ತನಾಳ ಹುಡುಕುವುದನ್ನು ನೋಡಿ. ಪಟ್ಟಿ ಬಿಗಿದು, ಮುಷ್ಟಿ ಹಿಡಿಯಲು ಹೇಳಿ, ತೋರುಬೆರಳಿನಿಂದ ಮೆಲ್ಲಗೆ ಒತ್ತಿದಾಗ ನಾಳ ಪುಟಿದು ಬೆರಳನ್ನು ಹಿಂದಕ್ಕೆ ತಳ್ಳುತ್ತದೆ. ಸ್ನಾಯುರಜ್ಜು ಹಾಗೆ ಪುಟಿಯುವುದಿಲ್ಲ. ಮುದುಕರಲ್ಲಿ ನಾಳ ಬೆರಳಿನಡಿ ಜಾರುತ್ತದೆ, ನೀರು ಕಡಿಮೆಯಾದ ಮಗುವಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಈ ಅರಿವೆಲ್ಲ ಬೆರಳ ತುದಿಯಲ್ಲಿದೆ, ಇಂದಿನ ಸಾಮಾನ್ಯ ವಿಆರ್ ಸಾಧನ ಬೆರಳಿಗೆ ಕೊಡುವುದು ಒಂದು ಸಣ್ಣ ಕಂಪನವನ್ನು ಮಾತ್ರ. ಯಾವ ಕ್ರಮದಲ್ಲಿ ಏನು ಮಾಡಬೇಕು, ಗಾಬರಿಯಾದಾಗ ಯಾವುದನ್ನು ಮರೆಯಬಾರದು ಎಂಬುದನ್ನು ಅದು ಕಲಿಸಬಲ್ಲದು. ಉಳಿದದ್ದಕ್ಕೆ ರೋಗಿಯ ಕೈ, ಪಕ್ಕದಲ್ಲಿ ನಿಂತ ಸಿಸ್ಟರ್ ಇಬ್ಬರೂ ಬೇಕು. ವಿಆರ್ ಲ್ಯಾಬ್ ಇದೆ ಎಂದು ವಾರ್ಡಿನ ಪೋಸ್ಟಿಂಗ್ ಕಡಿಮೆ ಮಾಡುವ ಕಾಲೇಜು ಮಕ್ಕಳಿಗೂ ರೋಗಿಗಳಿಗೂ ಮೋಸ ಮಾಡಿದಂತೆ.

ಎಐ ಮತ್ತು ವಿಆರ್ ಕೂಡಿದಾಗ ಗರಡಿಗೆ ಮಾತು ಬರುತ್ತದೆ. ಕೆಟ್ಟ ಸುದ್ದಿಯನ್ನು ರೋಗಿಯ ಮನೆಯವರಿಗೆ ಹೇಳುವುದು, ಸಿಟ್ಟಾದ ಗ್ರಾಹಕನನ್ನು ಸಮಾಧಾನಪಡಿಸುವುದು, ಕೆಲಸದ ಸಂದರ್ಶನ ಎದುರಿಸುವುದು ಇವನ್ನೆಲ್ಲ ಎಐ ನಡೆಸುವ ಪಾತ್ರಗಳ ಜೊತೆ ಅಭ್ಯಾಸ ಮಾಡಬಹುದು. ಅದೇ ಕೂಡಿಕೆ, ಎಂದೂ ಬೇಸರಪಡದ, ಎಂದೂ ಎದುರಾಡದ ಗೆಳೆಯನನ್ನೂ ಸೃಷ್ಟಿಸುತ್ತದೆ. ಊರು ಬಿಟ್ಟು ಬಂದು ಪಿ.ಜಿ. ಕೋಣೆಯಲ್ಲಿ ಒಂಟಿಯಾದ ಇಪ್ಪತ್ತೆರಡರ ಹುಡುಗನಿಗೆ ಅದರ ಸೆಳೆತ ಸಣ್ಣದಲ್ಲ. ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ ತೆರೆದಾಗ ಎದುರಿಗಿದ್ದದ್ದು ಮೊಬೈಲ್ ಮತ್ತು ಗೇಮುಗಳು. ಮಾತಿಗೆ ಮಾತು ಕೊಡುವ ಯಂತ್ರದ ಬಳಕೆಗೆ ಮಿತಿ ಹಾಕುವುದು ಅದಕ್ಕಿಂತ ಕಷ್ಟದ ಕೆಲಸ.

ಗರಡಿಗೆ ತೆರಬೇಕಾದ ಇನ್ನೊಂದು ಬೆಲೆ ಕಣ್ಣಿಗೆ ಕಾಣದ್ದು. ಹೆಡ್‌ಸೆಟ್ ಕೆಲಸ ಮಾಡಬೇಕಾದರೆ ಅದು ನಮ್ಮ ತಲೆ, ಕೈ, ಕೆಲವು ಮಾದರಿಗಳಲ್ಲಿ ಕಣ್ಣುಗಳ ಚಲನೆಯನ್ನೂ ಸೆಕೆಂಡಿಗೆ ಹತ್ತಾರು ಸಲ ಅಳೆಯಲೇಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ 511 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ನಿಮಿಷಕ್ಕೂ ಕಡಿಮೆ ಅವಧಿಯ ಚಲನೆಯ ದತ್ತಾಂಶ ನೋಡಿ ವ್ಯಕ್ತಿ ಯಾರೆಂದು ಶೇ 95ರಷ್ಟು ನಿಖರವಾಗಿ ಹೇಳಲಾಯಿತು. 2023ರಲ್ಲಿ ಬರ್ಕ್‌ಲಿಯ ಸಂಶೋಧಕರು ಒಂದು ವಿಆರ್ ಆಟದ ಐವತ್ತು ಸಾವಿರಕ್ಕೂ ಹೆಚ್ಚು ಆಟಗಾರರ ನಡುವೆ, ನೂರು ಸೆಕೆಂಡಿನ ಚಲನೆಯಿಂದಲೇ ಶೇ 94ರಷ್ಟು ನಿಖರತೆ ಸಾಧಿಸಿದರು. ಹೆಸರು ಅಳಿಸಿಬಿಟ್ಟಿದ್ದೇವೆ ಎಂಬ ಭರವಸೆಗೆ ಇಲ್ಲಿ ಅರ್ಥವಿಲ್ಲ, ಕೈ ಬೀಸುವ ರೀತಿಯೇ ಹೆಸರು ಹೇಳುತ್ತದೆ. ತರಬೇತಿಯಲ್ಲಿ ಇದರ ತೂಕ ಇನ್ನೂ ಹೆಚ್ಚು. ಎಲ್ಲಿ ಕೈ ನಡುಗಿತು, ಎಷ್ಟು ಸಲ ಸೋತಳು, ಯಾವ ಗಂಟೆಗೆ ಗಮನ ತಪ್ಪಿತು ಎಂಬುದೆಲ್ಲ ದಾಖಲಾಗುತ್ತದೆ. ತಪ್ಪು ಮಾಡಲೆಂದೇ ಕಟ್ಟಿದ ಜಾಗದ ತಪ್ಪುಗಳು ನಾಳೆ ನೇಮಕಾತಿಯವರ ಕೈ ಸೇರಿದರೆ ಅಲ್ಲಿ ಯಾರೂ ನಿರ್ಭಯವಾಗಿ ಕಲಿಯಲಾರರು.

ನಮ್ಮ ಕಾನೂನು ಇದಕ್ಕೆ ಅರ್ಧ ಮಾತ್ರ ಸಿದ್ಧವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಬಾಧ್ಯತೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಹದಿನೆಂಟು ವರ್ಷದೊಳಗಿನ ಮಕ್ಕಳ ನಡವಳಿಕೆಯನ್ನು ಜಾಡು ಹಿಡಿಯುವುದಕ್ಕೆ ಕಾಯ್ದೆ ಕಡಿವಾಣ ಹಾಕುತ್ತದೆ. ಆದರೆ ದೇಹದ ಚಲನೆ, ಆರೋಗ್ಯದಂಥ ಸೂಕ್ಷ್ಮ ದತ್ತಾಂಶಕ್ಕೆ ಅದರಲ್ಲಿ ಪ್ರತ್ಯೇಕ ವರ್ಗವೇ ಇಲ್ಲ, ಹತ್ತೊಂಬತ್ತರ ನರ್ಸಿಂಗ್ ವಿದ್ಯಾರ್ಥಿನಿಯ ಕೈನಡುಕಕ್ಕೂ ಅವಳ ಫೋನ್ ನಂಬರಿಗೂ ಒಂದೇ ಮಟ್ಟದ ರಕ್ಷಣೆ. ಕರ್ನಾಟಕ ಈ ದಿಕ್ಕಿನಲ್ಲಿ ಬೇರೆ ಕಡೆಯಿಂದ ಒಂದು ಹೆಜ್ಜೆ ಇಟ್ಟಿದೆ. 2025ರಲ್ಲಿ ಜಾರಿಗೆ ಬಂದ ಗಿಗ್ ಕಾರ್ಮಿಕರ ಕಾಯ್ದೆ, ಕೆಲಸ ಹಂಚುವ ಮತ್ತು ಕಾರ್ಮಿಕರ ಮೇಲೆ ನಿಗಾ ಇಡುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಮಾಹಿತಿ ಕೇಳುವ ಹಕ್ಕನ್ನು ಡೆಲಿವರಿ ಹುಡುಗರಿಗೆ, ಕ್ಯಾಬ್ ಚಾಲಕರಿಗೆ ಕೊಟ್ಟಿದೆ. ಅದೇ ಹಕ್ಕು ತರಬೇತಿಯಲ್ಲಿರುವ ವಿದ್ಯಾರ್ಥಿಗೂ ಫ್ರೆಷರ್‌ಗೂ ಏಕೆ ಸಿಗಬಾರದು?

ಸರ್ಕಾರಿ ಐಟಿಐಗಳಿಗೂ ನರ್ಸಿಂಗ್ ಕಾಲೇಜುಗಳಿಗೂ ಹೆಡ್‌ಸೆಟ್ ಕೊಳ್ಳುವ ಟೆಂಡರ್‌ಗಳಲ್ಲಿ ಬೆಲೆ, ಸಂಖ್ಯೆ, ವಾರಂಟಿಗಳ ಜೊತೆ ಮೂರು ಷರತ್ತುಗಳು ಇರಲೇಬೇಕು ಎಂದು ನಾನು ಒತ್ತಾಯಿಸುತ್ತೇನೆ. ಅಭ್ಯಾಸದ ದತ್ತಾಂಶ ಕಾಲೇಜಿನ ಆಚೆ ಹೋಗಕೂಡದು, ಕೋರ್ಸ್ ಮುಗಿದ ಮೇಲೆ ಅದನ್ನು ಅಳಿಸಬೇಕು, ಅದರ ಆಧಾರದ ಮೇಲೆ ಯಾರಿಗೂ ಅಂಕವಾಗಲಿ ಕೆಲಸವಾಗಲಿ ನಿರ್ಧಾರವಾಗಕೂಡದು. ಹಾಗೆಯೇ ಶಾಲೆಗಳಿಗೆ ಎಐ ತರುವಾಗ, ಉತ್ತರ ಕೊಡುವ ಮಾದರಿಯೋ ಸುಳಿವು ಕೊಡುವ ಮಾದರಿಯೋ ಎಂಬುದನ್ನು ಕೊಳ್ಳುವವರು ಮೊದಲೇ ಕೇಳಿ, ಎಐ ಇಲ್ಲದೆ ಬರೆಸಿದ ಪರೀಕ್ಷೆಯ ಫಲಿತಾಂಶ ತೋರಿಸುವಂತೆ ಮಾರುವವರಿಗೆ ಹೇಳಬೇಕು. ಫ್ರೆಷರ್‌ಗಳ ವಿಷಯದಲ್ಲಿ, ಒಂದು ಕಾಲಕ್ಕೆ ಗ್ರಾಹಕರ ಬಿಲ್ಲಿನಲ್ಲಿ ಅಡಗಿದ್ದ ಕಲಿಕೆಯ ಖರ್ಚನ್ನು ಇನ್ನು ಮುಂದೆ ಕಂಪನಿ, ಕಾಲೇಜು, ಸರ್ಕಾರ ಮೂವರೂ ಬಹಿರಂಗವಾಗಿ ಹಂಚಿಕೊಳ್ಳಬೇಕಾಗುತ್ತದೆ. ಯಾರ ಪಾಲು ಎಷ್ಟು ಎಂಬ ಮಾತುಕತೆ ಮುಂದಿನ ಕ್ಯಾಂಪಸ್ ನೇಮಕಾತಿಯ ಋತುವಿಗೆ ಮೊದಲೇ ಬೆಂಗಳೂರಿನಲ್ಲಿ ಶುರುವಾಗಬೇಕು.